ಬೀಗ ಬಿದ್ದ ಮನೆಯ ಕಾವಲು

ಕರ್ನಾಟಕದ ನಗರಗಳು ಖಾಲಿಯಾಗುವುದಕ್ಕೂ ಒಂದು ಪಂಚಾಂಗವಿದೆ. ದಸರೆಯ ರಜೆ ಬಂದಾಗ, ದೀಪಾವಳಿಗೆ ಮೂರು ನಾಲ್ಕು ದಿನಗಳ ಬಿಡುವು ಒಟ್ಟಾಗಿ ಸಿಕ್ಕಾಗ, ಏಪ್ರಿಲ್‌ ಮತ್ತು ಮೇ ತಿಂಗಳುಗಳಲ್ಲಿ ಮಕ್ಕಳ ಬೇಸಿಗೆ ರಜೆಯೂ ಮದುವೆಯ ಮುಹೂರ್ತಗಳೂ ಒಂದರ ಮೇಲೊಂದು ಬಿದ್ದಾಗ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಡಾವಣೆಗಳಿಂದ ಜನ ತವರಿಗೆ, ಹುಟ್ಟೂರಿಗೆ, ಪುಣ್ಯಕ್ಷೇತ್ರಗಳಿಗೆ ಹೊರಡುತ್ತಾರೆ. ಸಾರಿಗೆ ನಿಗಮಗಳು ಹೆಚ್ಚುವರಿ ಬಸ್ಸುಗಳನ್ನು ಬಿಡುತ್ತವೆ, ಪೊಲೀಸ್ ಠಾಣೆಗಳು ಮನೆಗೆ ಬೀಗ ಹಾಕಿ ಹೋಗುವವರಿಗೆ ಎಚ್ಚರಿಕೆಯ ಪ್ರಕಟಣೆಗಳನ್ನು ಹೊರಡಿಸುತ್ತವೆ. ಈ ಪಂಚಾಂಗವನ್ನು ಊರಿಗೆ ಹೊರಡುವವರಷ್ಟೇ ಗಮನವಿಟ್ಟು ಓದುವ ಇನ್ನೊಂದು ವರ್ಗವೂ ಇದೆ ಎಂಬುದರಿಂದಲೇ ರಜೆಯ ಕಾಲದ ಸುರಕ್ಷತೆ ಒಂದು ಪ್ರತ್ಯೇಕ ವಿಷಯವಾಗುತ್ತದೆ.

ಪೊಲೀಸರ ದಾಖಲೆಗಳಲ್ಲಿ ಬೀಗ ಹಾಕಿದ ಮನೆಗಳಿಗೆ ನುಗ್ಗಿ ಮಾಡುವ ಕಳವುಗಳಿಗೆ ಹಗಲು ಕನ್ನಗಳವು, ರಾತ್ರಿ ಕನ್ನಗಳವು ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಕನ್ನವೆಂದರೆ ಕಳ್ಳನು ಒಳನುಗ್ಗಲು ಗೋಡೆಯಲ್ಲಿ ಕೊರೆಯುವ ರಂಧ್ರ. ಮಣ್ಣಿನ ಗೋಡೆಗಳ ಕಾಲದಲ್ಲಿ ಬಾಗಿಲಿಗಿಂತ ಗೋಡೆಯನ್ನು ಒಡೆಯುವುದೇ ಸುಲಭವಾಗಿದ್ದುದರಿಂದ ಈ ಮಾತು ಹುಟ್ಟಿತು, ಗೋಡೆಗಳು ಇಟ್ಟಿಗೆ ಮತ್ತು ಕಾಂಕ್ರೀಟಿಗೆ ಬದಲಾದ ಮೇಲೂ ಮಾತು ಮಾತ್ರ ಉಳಿಯಿತು. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬವನು ಚಾರುದತ್ತನ ಮನೆಯ ಗೋಡೆಗೆ ಕನ್ನ ಹಾಕುವ ಮುನ್ನ ರಂಧ್ರದ ಆಕಾರ ಹೇಗಿರಬೇಕೆಂದು ಕಲಾವಿದನಂತೆ ಚಿಂತಿಸುತ್ತಾನೆ, ಅಳತೆಗೆ ತನ್ನ ಜನಿವಾರವನ್ನೇ ದಾರವಾಗಿ ಬಳಸುತ್ತಾನೆ. ಅವನು ಹೊತ್ತೊಯ್ಯುವ ಒಡವೆಗಳು ಚಾರುದತ್ತನವಲ್ಲ, ಸುರಕ್ಷಿತವಾಗಿರಲೆಂದು ವಸಂತಸೇನೆ ಅವನಲ್ಲಿ ಇರಿಸಿದ್ದ ನ್ಯಾಸದ ಒಡವೆಗಳು. ಬೆಲೆಬಾಳುವ ವಸ್ತುವನ್ನು ಎಲ್ಲಿ ಇಟ್ಟರೆ ಕ್ಷೇಮ ಎಂಬ ಪ್ರಶ್ನೆಯ ಹಳಮೆ ಇದರಿಂದ ತಿಳಿಯುತ್ತದೆ.

ಕಾನೂನು ಮನೆಗೆ ಕೊಡುವ ರಕ್ಷಣೆ ಸಾಮಾನ್ಯ ಕಳವಿಗೆ ಕೊಡುವ ರಕ್ಷಣೆಗಿಂತ ಗಟ್ಟಿಯಾದುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮು ವಾಸದ ಮನೆಯಲ್ಲಿ ಮಾಡಿದ ಕಳವಿಗೂ, ಬಸ್ಸು ರೈಲುಗಳಂಥ ಸಾರಿಗೆಯ ವಾಹನಗಳಲ್ಲಿ ಮಾಡಿದ ಕಳವಿಗೂ ಏಳು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. 330ನೆಯ ಕಲಮು ಕನ್ನಗಳವನ್ನು ವಿವರಿಸುತ್ತದೆ: ತಾನೇ ಮಾಡಿಕೊಂಡ ದಾರಿಯಿಂದ ಒಳಹೋಗುವುದು, ಮನುಷ್ಯರು ಪ್ರವೇಶಿಸಲೆಂದು ಇಲ್ಲದ ಕಿಟಕಿಯಂಥ ಕಡೆಯಿಂದ ನುಸುಳುವುದು, ಬೀಗ ತೆರೆದು ನುಗ್ಗುವುದು ಇವೆಲ್ಲ ಅದರೊಳಗೆ ಬರುತ್ತವೆ. ಕಳವಿನ ಉದ್ದೇಶದಿಂದ ಹಗಲಿನಲ್ಲಿ ಹೀಗೆ ನುಗ್ಗಿದವನಿಗೆ 331ನೆಯ ಕಲಮಿನಡಿ ಹತ್ತು ವರ್ಷಗಳವರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ನುಗ್ಗಿದವನಿಗೆ ಹದಿನಾಲ್ಕು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಇರುಳಿಗೂ ಹಗಲಿಗೂ ಹೀಗೆ ಭೇದ ಮಾಡುವ ಪದ್ಧತಿ 1860ರ ಭಾರತೀಯ ದಂಡ ಸಂಹಿತೆಯಿಂದಲೇ ಬಂದದ್ದು. ಆದರೆ ಶಿಕ್ಷೆಯ ಮಾತು ಬರುವುದು ಕಳ್ಳನು ಸಿಕ್ಕಿಬಿದ್ದು, ಅವನ ಮೇಲಿನ ಆರೋಪ ರುಜುವಾತಾದ ನಂತರ; ಮನೆಯವರಿಗೆ ಬೇಕಾದುದು ಅದಕ್ಕೂ ಬಹಳ ಮೊದಲಿನ ರಕ್ಷಣೆ.

ರಜೆಯ ದಿನಗಳಲ್ಲಿ ಮನೆಗಳಿಗೆ ಅಪಾಯವೇಕೆ ಹೆಚ್ಚು ಎಂಬುದಕ್ಕೆ ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲಿ ಮಂಡಿಸಿದ, ಕನ್ನಡದಲ್ಲಿ ದಿನಚರಿ ಸಿದ್ಧಾಂತವೆಂದು ಕರೆಯಬಹುದಾದ ವಿವರಣೆ ಇಂದಿಗೂ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಎರಡನೆಯ ಮಹಾಯುದ್ಧದ ನಂತರ ಅವರ ದೇಶದಲ್ಲಿ ಆದಾಯವೂ ವಿದ್ಯಾಭ್ಯಾಸವೂ ಹೆಚ್ಚಿದ್ದರೂ ಕಳವುಗಳು ಕಡಿಮೆಯಾಗದೆ ಏರಿದ್ದವು. ಬಡತನವೇ ಕಳವಿಗೆ ಕಾರಣವೆಂದು ನಂಬಿದವರಿಗೆ ಇದು ಒಗಟಾಗಿತ್ತು. ದಂಪತಿಗಳಿಬ್ಬರೂ ಕೆಲಸಕ್ಕೆ ಹೋಗತೊಡಗಿ ಹಗಲಿನಲ್ಲಿ ಮನೆಗಳು ಖಾಲಿಯಾದವು, ಜನ ಹೆಚ್ಚು ಪ್ರವಾಸ ಹೊರಟರು, ಮನೆಯೊಳಗಿನ ವಸ್ತುಗಳು ಹಗುರವಾಗಿಯೂ ದುಬಾರಿಯಾಗಿಯೂ ಆದವು ಎಂಬುದನ್ನು ಅವರು ಎತ್ತಿ ತೋರಿಸಿದರು. ಅಪರಾಧ ನಡೆಯಬೇಕಾದರೆ ಅದಕ್ಕೆ ಮನಸ್ಸು ಮಾಡಿದವನೊಬ್ಬ, ಕೈಗೆ ಎಟಕುವ ವಸ್ತುವೊಂದು, ಕಾಯುವವರಿಲ್ಲದ ಗಳಿಗೆ ಈ ಮೂರೂ ಒಂದೇ ಸ್ಥಳದಲ್ಲಿ ಕೂಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಪರಾಧ ನಡೆಯುವುದಿಲ್ಲ. ಕಾಯುವವರು ಎಂದಾಗ ಅವರ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ಪೊಲೀಸರಲ್ಲ, ನಡುಮನೆಯಲ್ಲಿ ಕುಳಿತ ಅಜ್ಜಿ, ಎದುರು ಮನೆಯ ಜಗಲಿಯಲ್ಲಿ ಪತ್ರಿಕೆ ಓದುತ್ತಿರುವ ನಿವೃತ್ತ ನೌಕರ ಇಂಥವರು. ರಜೆ ಬಂದಾಗ ಕಳ್ಳರ ಸಂಖ್ಯೆಯಲ್ಲಿ ಬದಲಾವಣೆಯಾಗಬೇಕೆಂದಿಲ್ಲ, ಈ ಮೂರನೆಯ ಅಂಶವೊಂದೇ ಇಡೀ ಬೀದಿಯಿಂದ ಒಮ್ಮೆಗೇ ಎದ್ದುಹೋಗುತ್ತದೆ.

ಮನೆಯಲ್ಲಿ ಜನರಿಲ್ಲ ಎಂಬುದನ್ನು ಕಳ್ಳನಿಗೆ ಯಾರೂ ಹೇಳಬೇಕಾಗಿಲ್ಲ, ಮನೆಯೇ ಹೇಳುತ್ತದೆ. ದಕ್ಷಿಣ ಕರ್ನಾಟಕದ ಬೀದಿಗಳಲ್ಲಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ರೂಢಿ ಇರುವುದರಿಂದ, ಸಾಲಿನಲ್ಲಿ ಒಂದು ಮನೆಯ ಮುಂದೆ ಮಾತ್ರ ಹಳೆಯ ರಂಗೋಲಿ ಅಳಿಸಿಹೋಗಿ ಧೂಳು ಕೂತಿದ್ದರೆ ಅದು ದೂರದಿಂದಲೇ ಕಾಣುತ್ತದೆ. ಗೇಟಿನೊಳಗೆ ಬಿದ್ದ ಎರಡು ದಿನಗಳ ಪತ್ರಿಕೆ, ಚೀಲದಲ್ಲೇ ಉಳಿದ ಹಾಲಿನ ಪೊಟ್ಟಣ, ಬಾಡಿದ ತುಳಸಿ, ಎಲ್ಲಕ್ಕಿಂತ ಮಿಗಿಲಾಗಿ ಹಗಲಿನಲ್ಲಿಯೂ ಉರಿಯುವ ವರಾಂಡದ ದೀಪ ಇವೆಲ್ಲವೂ ಅದೇ ಸುದ್ದಿಯನ್ನು ಹೇಳುತ್ತವೆ. ರಾತ್ರಿ ಬೆಳಕಿರಲೆಂದು ಮನೆಯವರು ಹಚ್ಚಿಟ್ಟು ಹೋದ ದೀಪ ಹಗಲಿನಲ್ಲಿ ಅವರ ಗೈರುಹಾಜರಿಯನ್ನೇ ಸಾರುತ್ತದೆ. ಕತ್ತಲಾದಾಗ ತಾನಾಗಿ ಹತ್ತಿ ಬೆಳಗಾದಾಗ ಆರುವ ಬಲ್ಬುಗಳು ಈಗ ಸಣ್ಣ ಅಂಗಡಿಗಳಲ್ಲೂ ಸಿಗುವುದರಿಂದ ಈ ತಪ್ಪನ್ನು ತಿದ್ದಿಕೊಳ್ಳಲು ಹೆಚ್ಚಿನ ಖರ್ಚಿಲ್ಲ. ಹಾಲಿನವನಿಗೂ ಪತ್ರಿಕೆಯ ಹುಡುಗನಿಗೂ ಹಾಕಬೇಡಿರೆಂದು ಹೇಳಿ ಹೊರಡುವುದು ಹಳೆಯ ಬುದ್ಧಿವಾದವೇ ಆದರೂ, ಪಕ್ಕದ ಮನೆಯವರಿಗೆ ಹಾಲು ಪತ್ರಿಕೆಗಳನ್ನು ತೆಗೆದುಕೊಳ್ಳಲು ಹೇಳಿ, ಅವರಿಂದಲೇ ಬಾಗಿಲಿಗೆ ಒಂದು ತಂಬಿಗೆ ನೀರು ಹಾಕಿಸಿ ಎರಡೆಳೆ ರಂಗೋಲಿ ಬಿಡಿಸುವ ಏರ್ಪಾಟು ಅದಕ್ಕಿಂತ ಮೇಲು, ಏಕೆಂದರೆ ಅದರಿಂದ ಮನೆಯಲ್ಲಿ ಬದುಕು ನಡೆದಿದೆ ಎಂಬ ಗುರುತು ಉಳಿಯುತ್ತದೆ.

ಈ ಗುರುತುಗಳಿಗೆ ಮೊಬೈಲು ಇನ್ನೊಂದನ್ನು ಸೇರಿಸಿದೆ. ವರಮಹಾಲಕ್ಷ್ಮಿ ಹಬ್ಬದಂದು ಕಲಶಕ್ಕೆ ಮನೆಯ ಒಡವೆಗಳನ್ನೆಲ್ಲ ತೊಡಿಸಿ, ನೋಟುಗಳ ಹಾರ ಹಾಕಿ, ಬೆಳ್ಳಿಯ ಪಾತ್ರೆಗಳನ್ನು ಜೋಡಿಸಿಟ್ಟು ತೆಗೆದ ಚಿತ್ರ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹೋಗುತ್ತದೆ, ಕೆಲವೇ ವಾರಗಳ ನಂತರ ಅದೇ ಕುಟುಂಬ ವಿಮಾನ ನಿಲ್ದಾಣದಲ್ಲಿ ನಿಂತ ಚಿತ್ರವೂ ಅಲ್ಲಿಗೇ ಹೋಗುತ್ತದೆ. ಮೊದಲನೆಯ ಚಿತ್ರ ಮನೆಯಲ್ಲಿ ಏನಿದೆ ಎಂಬುದನ್ನು, ಎರಡನೆಯದು ಮನೆಯಲ್ಲಿ ಯಾರಿಲ್ಲ ಎಂಬುದನ್ನು ತಿಳಿಸುತ್ತದೆ. ಫೋನಿನಲ್ಲಿ ಸಂಖ್ಯೆ ಉಳಿದಿರುವ ನೂರಾರು ಮಂದಿಯಲ್ಲಿ ಗ್ಯಾಸು, ಕೇಬಲ್ಲು, ಪೀಠೋಪಕರಣಗಳ ಕೆಲಸಕ್ಕೆ ಎಂದೋ ಒಮ್ಮೆ ಬಂದುಹೋದವರೂ ಇರುತ್ತಾರೆ ಎಂಬುದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ಹಬ್ಬದ ಸಂಭ್ರಮವನ್ನು ಹಂಚಿಕೊಳ್ಳುವುದರಲ್ಲಿ ತಪ್ಪಿಲ್ಲ. ಪ್ರವಾಸದ ಚಿತ್ರಗಳನ್ನು ಮನೆಗೆ ಮರಳಿದ ಮೇಲೆ ಹಾಕಿದರೆ ಸಂತೋಷಕ್ಕೇನೂ ಕೊರತೆಯಾಗುವುದಿಲ್ಲ.

ಬೀಗದ ವಿಷಯದಲ್ಲಿ ಜನರ ನಂಬಿಕೆ ತಪ್ಪು ಜಾಗದಲ್ಲಿ ನೆಟ್ಟಿದೆ. ಅಂಗಡಿಯಲ್ಲಿ ದೊಡ್ಡ ಬೀಗವನ್ನು ಕೊಳ್ಳುವವರು ಅದು ನೇತಾಡುವ ಕೊಂಡಿಯ ಕಡೆಗೆ ನೋಡುವುದಿಲ್ಲ. ಕಳ್ಳನಾದರೋ ಬೀಗವನ್ನು ಮುಟ್ಟದೆ, ಕಬ್ಬಿಣದ ಸಲಾಕೆಯಿಂದ ಕೊಂಡಿಯನ್ನೋ ಚೌಕಟ್ಟಿನ ಸ್ಕ್ರೂಗಳನ್ನೋ ಮೀಟಿ ಕಿತ್ತುಬಿಡುತ್ತಾನೆ. ಠಾಣೆಯ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಬರುವ ‘ಬಾಗಿಲು ಮೀಟಿ’ ಎಂಬ ಮಾತು ಈ ಕೆಲಸದ್ದೇ. ಹೊರಗೆ ಕಾಣುವ ಬೀಗವು ಮನೆ ಖಾಲಿ ಎಂಬುದನ್ನು ಬೇರೆ ತೋರಿಸುವುದರಿಂದ, ಬಾಗಿಲಿನ ದಪ್ಪದೊಳಗೇ ಅಡಗಿರುವ ಬೀಗ, ಒಳಗಿನಿಂದ ಭದ್ರವಾಗಿ ಅಗಳಿ ಹಾಕಿದ ಹಿಂಬಾಗಿಲು, ಮಾಳಿಗೆಯ ಮೆಟ್ಟಿಲಿನ ತುದಿಗೆ ಗಟ್ಟಿಯಾದ ಬಾಗಿಲು ಇವುಗಳಿಗೆ ಹಣ ಹಾಕುವುದು ವಿವೇಕ. ಮುಂಬಾಗಿಲಿಗೆ ತೇಗದ ಹಲಗೆ ಹಾಕಿಸಿ ಹಿತ್ತಲ ಬಾಗಿಲಿಗೆ ಅಗ್ಗದ ಪ್ಲೈವುಡ್ ಹಚ್ಚುವ ಪದ್ಧತಿ ನಗರಗಳಲ್ಲಿ ಸಾಮಾನ್ಯವಾಗಿದೆ. ಕೀಲಿಕೈಯನ್ನು ಹೂಕುಂಡದ ಕೆಳಗೆ, ಚಪ್ಪಲಿ ಗೂಡಿನಲ್ಲಿ, ವಿದ್ಯುತ್ ಮೀಟರಿನ ಪೆಟ್ಟಿಗೆಯಲ್ಲಿ ಇಟ್ಟು ಹೋಗುವುದೂ, ಬೀರುವಿನ ಕೀಲಿಯನ್ನು ಅದರ ತಲೆಯ ಮೇಲೆಯೇ ಇಡುವುದೂ ಗುಟ್ಟುಗಳೆಂದು ತಿಳಿದವರಿಗಷ್ಟೇ ಗುಟ್ಟು. ಮಲೆನಾಡಿನ ಒಂಟಿ ಮನೆಗಳಲ್ಲಿ ಬೀಗ ಹಾಕಲಾಗದ ಆಸ್ತಿಯೂ ಇರುತ್ತದೆ: ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯನ್ನು ಬಿಟ್ಟು ಮನೆಮಂದಿಯೆಲ್ಲ ಮದುವೆಗೆ ಹೊರಡಲಾಗದೆ, ಒಬ್ಬರಾದರೂ ಉಳಿಯುವ ರೂಢಿ ಅಲ್ಲಿ ಇಂದಿಗೂ ಇದೆ.

ಕಳ್ಳನು ಹುಡುಕುವುದು ಬಹುಮಟ್ಟಿಗೆ ಚಿನ್ನವನ್ನು. ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲಿ ಒಂದು ಲಕ್ಷ ರೂಪಾಯಿಯನ್ನು ದಾಟಿದ ಮೇಲೆ ಒಂದು ಜೇಬಿನಲ್ಲಿ ಹಿಡಿಯುವ ಒಡವೆಯೇ ಒಂದು ಮನೆಯ ಹಲವು ವರ್ಷಗಳ ಉಳಿತಾಯಕ್ಕೆ ಸಮ. ಕರಗಿಸಿದರೆ ಅದರ ಗುರುತೂ ಇಲ್ಲ. ಆದ್ದರಿಂದ ಹಬ್ಬ ಮುಗಿದ ಮರುದಿನವೇ ಒಡವೆಗಳು ಬ್ಯಾಂಕಿನ ಲಾಕರಿಗೆ ಮರಳಬೇಕೆಂಬುದು ನಿಜ, ಆದರೆ ಲಾಕರಿನ ಮಿತಿಯನ್ನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ಆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ವರ್ಷಕ್ಕೆ 3,000 ರೂಪಾಯಿ ಬಾಡಿಗೆ ಕೊಡುವವರಿಗೆ ಸಿಗಬಹುದಾದ ಗರಿಷ್ಠ ಪರಿಹಾರ ಹೀಗೆ ಮೂರು ಲಕ್ಷ ರೂಪಾಯಿ, ಒಳಗೆ ಇಟ್ಟಿದ್ದ ಒಡವೆ ಎಷ್ಟೇ ಬೆಲೆಯದಾಗಿದ್ದರೂ ಸರಿ.

ರಜೆಯ ಪಂಚಾಂಗಕ್ಕೆ ಬ್ಯಾಂಕುಗಳೂ ಹೊರತಲ್ಲ. ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಕೆಲವೇ ದಿನಗಳಿದ್ದಾಗ, ಬ್ಯಾಂಕಿನ ಶಾಖೆಯೊಂದರ ಕಿಟಕಿಯ ಸರಳು ಕಿತ್ತು ಒಳನುಗ್ಗಿದವರು ಸಾಲಕ್ಕೆ ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನವನ್ನು ಒಯ್ದರು. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಲ್ಲಿ ನಡೆದ ಕಳವಿನಲ್ಲಿ ಹೋದದ್ದು 50 ಕಿಲೋಗೂ ಮಿಕ್ಕ ಚಿನ್ನ. ಎರಡೂ ನಡೆದದ್ದು ಬ್ಯಾಂಕಿಗೆ ರಜೆಯಿರುವ ನಾಲ್ಕನೆಯ ಶನಿವಾರ ಮತ್ತು ಅದರ ಬೆನ್ನಿಗೆ ಬರುವ ಭಾನುವಾರ ಸೇರಿದ ವಾರಾಂತ್ಯದಲ್ಲಿ. ಸೋಮವಾರ ಬೆಳಿಗ್ಗೆಯವರೆಗೆ ಯಾರೂ ಬಾಗಿಲು ತೆರೆಯುವುದಿಲ್ಲ ಎಂಬ ಖಚಿತವಾದ ತಿಳಿವಳಿಕೆಯೇ ಕನ್ನದ ಮೊದಲ ಸಲಕರಣೆಯಾಯಿತು. ನ್ಯಾಮತಿಯ ಪ್ರಕರಣದಲ್ಲಿ ಪೊಲೀಸರು ಐದು ತಿಂಗಳ ಪತ್ತೆಕಾರ್ಯದ ನಂತರ ಆರು ಮಂದಿಯನ್ನು ಬಂಧಿಸಿ, ಚಿನ್ನದ ಬಹುಪಾಲನ್ನು ತಮಿಳುನಾಡಿನ ಉಸಿಲಂಪಟ್ಟಿಯ ಬಳಿಯ ಬಾವಿಯೊಂದರಿಂದ ಮೇಲೆತ್ತಿದರು. ಅಡವಿಟ್ಟ ರೈತ ಕುಟುಂಬಗಳು ಆ ಐದು ತಿಂಗಳುಗಳನ್ನು ಕಳೆದ ಬಗೆಯನ್ನು ಊಹಿಸಿಕೊಳ್ಳಬಹುದು.

ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಮಾದರಿಯಲ್ಲಿ ನೀಡುತ್ತಿರುವ ‘ಭಾರತ್ ಗೃಹ ರಕ್ಷಾ’ ಎಂಬ ಗೃಹ ವಿಮೆ ಬೆಂಕಿ, ನೆರೆ, ಭೂಕಂಪದಂಥ ಅನಾಹುತಗಳಿಗೆ ಸಂಬಂಧಿಸಿದ್ದು, ಅಂಥ ಅನಾಹುತ ಸಂಭವಿಸಿದ ಏಳು ದಿನಗಳೊಳಗೆ ನಡೆದ ಕಳವು ಮಾತ್ರ ಅದರಲ್ಲಿ ಸೇರುತ್ತದೆ. ಬೀಗ ಹಾಕಿದ ಮನೆಗೆ ಬೀಳುವ ಕನ್ನಕ್ಕೆ ಬೇರೆಯದೇ ರಕ್ಷಣೆಯನ್ನು ಹಣ ತೆತ್ತು ಸೇರಿಸಿಕೊಳ್ಳಬೇಕು. ಮನೆ ಎಷ್ಟು ದಿನ ಖಾಲಿಯಿದ್ದರೆ ಆ ರಕ್ಷಣೆ ರದ್ದಾಗುತ್ತದೆ ಎಂಬ ಷರತ್ತನ್ನು ವಿದೇಶದ ಮಕ್ಕಳ ಮನೆಗೆ ತಿಂಗಳುಗಟ್ಟಲೆ ಹೋಗುವ ಹಿರಿಯರು ವಿಶೇಷವಾಗಿ ಓದಿಕೊಳ್ಳತಕ್ಕದ್ದು.

ಇವೆಲ್ಲಕ್ಕಿಂತ ಹೆಚ್ಚು ತೂಕವಿರುವುದು ನೆರೆಹೊರೆಗೆ. ಹಳೆಯ ಹಳ್ಳಿಗಳಲ್ಲಿ ತಳವಾರನ ಗಸ್ತು ಇತ್ತು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ರಾತ್ರಿ ಸೀಟಿ ಊದುತ್ತಾ ಲಾಠಿ ತಟ್ಟುತ್ತಾ ಹೋಗುವ ಗೂರ್ಖನಿದ್ದ. ಆದರೆ ಇವರಿಗೂ ಮಾಹಿತಿ ಸಿಗುತ್ತಿದ್ದುದು ಮನೆಗಳಿಂದಲೇ. ಇಂದಿಗೂ ಬೀಟ್ ಪೊಲೀಸ್ ವ್ಯವಸ್ಥೆ, ಎಂದರೆ ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಪ್ರದೇಶಗಳಾಗಿ ವಿಂಗಡಿಸಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದನ್ನು ಒಪ್ಪಿಸುವ ಕ್ರಮ, ಊರಿಗೆ ಹೋಗುವವರು ತಮ್ಮ ವಿಳಾಸವನ್ನೂ ಮರಳುವ ದಿನವನ್ನೂ ಠಾಣೆಗೆ ತಿಳಿಸಿದರೆ ಮಾತ್ರ ಬೀಗ ಹಾಕಿದ ಮನೆಯ ಕಡೆಗೆ ಕಣ್ಣು ಹಾಯಿಸಬಲ್ಲದು. ನೆರೆಯ ಆಂಧ್ರಪ್ರದೇಶದ ಪೊಲೀಸರು ಒಂದು ಹೆಜ್ಜೆ ಮುಂದೆ ಹೋಗಿ, ಮೊಬೈಲ್ ಆ್ಯಪಿನ ಮೂಲಕ ಕೋರಿದವರ ಮನೆಯೊಳಗೆ ಚಲನೆಯನ್ನು ಗುರುತಿಸುವ ಕ್ಯಾಮೆರಾ ಇರಿಸಿ, ಯಾರಾದರೂ ನುಗ್ಗಿದೊಡನೆ ನಿಯಂತ್ರಣ ಕೊಠಡಿಗೆ ಸೂಚನೆ ಬರುವ ಏರ್ಪಾಟನ್ನು ತಂದಿದ್ದಾರೆ. ಕರ್ನಾಟಕದಲ್ಲಿ ತುರ್ತು ಕರೆಗೆ 112 ಸಂಖ್ಯೆ ಇದೆ. ಪಕ್ಕದ ಮನೆಯಿಂದ ಅರ್ಧರಾತ್ರಿ ಏನೋ ಮೀಟುವ ಸದ್ದು ಕೇಳಿದಾಗ ಹೊರಗೆ ಧಾವಿಸದೆ, ದೀಪ ಹಾಕಿ ಆ ಸಂಖ್ಯೆಗೆ ಕರೆ ಮಾಡುವ ನೆರೆಯವರೊಬ್ಬರಿದ್ದರೆ ಅದು ಯಾವ ಕ್ಯಾಮೆರಾಕ್ಕೂ ಕಡಿಮೆಯಲ್ಲ. ಬಹುಮಹಡಿ ಕಟ್ಟಡಗಳಲ್ಲಿ ವರ್ಷಗಟ್ಟಲೆ ಎದುರು ಬದುರು ಇದ್ದೂ ಪರಸ್ಪರ ಹೆಸರು ಗೊತ್ತಿಲ್ಲದವರಿಗೆ ಈ ಕಾವಲು ದಕ್ಕದು, ದ್ವಾರದಲ್ಲಿ ಕುಳಿತ ಕಾವಲುಗಾರ ಅದಕ್ಕೆ ಪೂರ್ತಿ ಬದಲಿಯೂ ಆಗಲಾರ.

ಎಚ್ಚರವು ಗುಮಾನಿಯಾಗಿ ತಿರುಗುವ ಅಪಾಯವೂ ಇಲ್ಲೇ ಇದೆ, ಅದನ್ನು ಒತ್ತಿ ಹೇಳದೆ ಈ ವಿಷಯವನ್ನು ಬರೆಯುವುದು ಸರಿಯಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಹುಬ್ಬಳ್ಳಿಯಂಥ ಊರುಗಳಲ್ಲಿ ಅವರನ್ನು ಕಾವಲಿನ ವಸಾಹತುಗಳಲ್ಲಿ ಇರಿಸಲಾಯಿತು, 1952ರಲ್ಲಿ ಕಾಯಿದೆ ರದ್ದಾದ ಮೇಲೂ ಆ ಕಳಂಕ ಆ ಜನರನ್ನು ಬಿಡಲಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪುಗಳು ನಿರಪರಾಧಿಗಳನ್ನು ಹೊಡೆದು ಕೊಂದವು. ಬೀದಿಗೆ ಬಂದ ಕೌದಿ ಮಾರುವವನನ್ನೋ ಚಿಂದಿ ಆಯುವವಳನ್ನೋ ಅವರ ಉಡುಪು ನೋಡಿ ಶಂಕಿಸುವುದು, ಮನೆಗೆಲಸದಾಕೆಯ ಚೀಲವನ್ನು ದಿನವೂ ತಪಾಸಿಸುವುದು ಸುರಕ್ಷತೆಯಲ್ಲ, ಅನ್ಯಾಯ. ಮನೆ ಕಾಯುವವರು ಗಮನಿಸಬೇಕಾದುದು ನಡವಳಿಕೆಯನ್ನು: ಬೀಗ ಹಾಕಿದ ಮನೆಯ ಕಾಲಿಂಗ್ ಬೆಲ್ಲನ್ನು ಮತ್ತೆ ಮತ್ತೆ ಒತ್ತಿ ಸುಮ್ಮನೆ ತಿರುಗಿಹೋಗುವವರು, ನೋಂದಣಿ ಫಲಕವಿಲ್ಲದ ಬೈಕಿನಲ್ಲಿ ಒಂದೇ ಅಡ್ಡರಸ್ತೆಯನ್ನು ಸುತ್ತುವವರು ಇಂಥವರ ವಿವರವನ್ನು ಬರೆದುಕೊಂಡು ಠಾಣೆಗೆ ತಿಳಿಸಿದರೆ ಅಲ್ಲಿಗೆ ನಾಗರಿಕನ ಕರ್ತವ್ಯ ಮುಗಿಯುತ್ತದೆ.

ಪ್ರಯಾಣದಲ್ಲಿ ಕಳ್ಳನಿಗೆ ನೆರವಾಗುವುದು ನೂಕುನುಗ್ಗಲು. ಹಬ್ಬದ ಹಿಂದಿನ ದಿನ ಬಸ್ಸಿನ ಬಾಗಿಲಲ್ಲಿ ಬೇಕೆಂದೇ ಒತ್ತಡ ಉಂಟುಮಾಡಿ ಕೈಚೀಲದ ಜಿಪ್ಪು ತೆರೆಯುವುದು, ಚಿಲ್ಲರೆ ನೋಟು ಚೆಲ್ಲಿಯೋ ಬಟ್ಟೆಗೆ ಕೊಳೆ ಎರಚಿಯೋ ಗಮನ ಬೇರೆಡೆ ಸೆಳೆದು ಚೀಲ ಎತ್ತುವುದು ಹಳೆಯ ತಂತ್ರಗಳು. ಒಡವೆಯ ಡಬ್ಬಿಯನ್ನು ಮೇಲಿನ ಕ್ಯಾರಿಯರಿನಲ್ಲಿಟ್ಟು ನಿದ್ರಿಸುವವರು ಇರುವವರೆಗೆ ಅವು ಹಳತಾಗುವುದಿಲ್ಲ. ಓಡುವ ಬೈಕಿನಿಂದ ಕೊರಳಿನ ಸರ ಕಸಿಯುವಂಥ ಕೃತ್ಯವನ್ನು ಭಾರತೀಯ ನ್ಯಾಯ ಸಂಹಿತೆಯ 304ನೆಯ ಕಲಮು ಪ್ರತ್ಯೇಕ ಅಪರಾಧವೆಂದು ಹೆಸರಿಸಿ ಮೂರು ವರ್ಷಗಳವರೆಗಿನ ಶಿಕ್ಷೆಯನ್ನು ಇಟ್ಟಿದೆ. ರೈಲಿನಲ್ಲಿ ಸಾಮಾನು ಕಳೆದರೆ ರೈಲ್ವೆ ತುಂಬಿಕೊಡುತ್ತದೆ ಎಂಬ ನಂಬಿಕೆ ಬುಡವಿಲ್ಲದ್ದು: 1989ರ ರೈಲ್ವೆ ಕಾಯಿದೆಯ 100ನೆಯ ಕಲಮಿನಂತೆ, ಪ್ರತ್ಯೇಕವಾಗಿ ಬುಕ್ ಮಾಡದೆ ಕೈಯಲ್ಲೇ ಒಯ್ಯುವ ಸಾಮಾನಿಗೆ, ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗದ ಹೊರತು, ರೈಲ್ವೆ ಹೊಣೆಯಲ್ಲ. ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡಿದ್ದ ಒಂದು ಲಕ್ಷ ರೂಪಾಯಿಯನ್ನು ರೈಲಿನಲ್ಲಿ ಕಳೆದುಕೊಂಡ ಬಟ್ಟೆ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ, ಪ್ರಯಾಣಿಕನೇ ಕಾಪಾಡಿಕೊಳ್ಳಲಾಗದ ವಸ್ತುವಿನ ಕಳವನ್ನು ರೈಲ್ವೆಯ ಸೇವಾಲೋಪವೆನ್ನಲಾಗದು ಎಂದು ತೀರ್ಪಿತ್ತಿತು. ಕೆಳಗಿನ ಬರ್ತಿನ ಅಡಿಯಲ್ಲಿರುವ ತಂತಿಯ ಬಳೆಗೆ ಸರಪಳಿ ಕಟ್ಟಿ ಬೀಗ ಹಾಕುವ ಹಿರಿಯರ ಅಭ್ಯಾಸವನ್ನು ಹೊಸ ತಲೆಮಾರು ಬಿಡಬಾರದು. ರೈಲಿನಲ್ಲಿ ನೆರವು ಬೇಕಾದರೆ 139ಕ್ಕೆ ಕರೆ ಮಾಡಬೇಕು.

ಜಾತ್ರೆ ಮತ್ತು ದಸರೆಯ ಜನಜಂಗುಳಿಯಲ್ಲಿ ಒಡವೆಗಿಂತ ಮಕ್ಕಳ ಚಿಂತೆ ದೊಡ್ಡದು. ತಂದೆ ತಾಯಿಯರ ಫೋನ್ ಸಂಖ್ಯೆ ಬರೆದ ಚೀಟಿ ಮಗುವಿನ ಜೇಬಿನಲ್ಲಿದ್ದರೆ, ಬೆಳಿಗ್ಗೆ ಹೊರಡುವಾಗ ಅದೇ ಉಡುಪಿನಲ್ಲಿ ಮಗುವಿನ ಒಂದು ಚಿತ್ರ ಮೊಬೈಲಿನಲ್ಲಿದ್ದರೆ ತಪ್ಪಿಸಿಕೊಂಡಾಗ ಹುಡುಕುವ ಕೆಲಸ ಅರ್ಧ ಮುಗಿದಂತೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹೆಣ್ಣುಮಕ್ಕಳ ಮಾತು ಬೇರೆ. ಬೆಂಗಳೂರಿನ ಎಂ.ಜಿ. ರಸ್ತೆ ಮತ್ತು ಬ್ರಿಗೇಡ್ ರಸ್ತೆಗಳಲ್ಲಿ 2016ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗುಂಪಿನಲ್ಲಿ ಮಹಿಳೆಯರ ಮೇಲೆ ನಡೆದ ದೌರ್ಜನ್ಯ ದೇಶದ ಗಮನ ಸೆಳೆದ ನಂತರ, ಆ ರಾತ್ರಿಯ ಬಂದೋಬಸ್ತಿನಲ್ಲಿ ಮಹಿಳಾ ಸಿಬ್ಬಂದಿ, ಕಾವಲು ಗೋಪುರ, ಕ್ಯಾಮೆರಾಗಳಿಗೆ ಹೆಚ್ಚಿನ ಸ್ಥಾನ ಸಿಕ್ಕಿತು. ಇಂಥ ಸಂದರ್ಭದಲ್ಲಿ ಹೊರಗೆ ಹೋಗಬೇಡಿ ಎಂದು ಹೆಣ್ಣುಮಕ್ಕಳಿಗೆ ಹೇಳುವುದು ಅಪರಾಧ ತಡೆಯಲ್ಲ, ಬೀದಿಯನ್ನು ಅಪರಾಧಿಗೆ ಬಿಟ್ಟುಕೊಡುವುದು. ಇಂಥ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹೇಳುತ್ತದೆ.

ಮನೆಗೆ ಬೀಗ ಹಾಕಿದರೂ ಬೀಗ ಹಾಕಲಾಗದ ಬಾಗಿಲು ಕಿಸೆಯಲ್ಲಿರುವ ಫೋನು. ರಜೆಯ ದಿನಗಳಲ್ಲಿ ಕೊಠಡಿ, ಟಿಕೆಟ್ಟು, ದರ್ಶನದ ಪಾಸುಗಳ ಹುಡುಕಾಟ ಹೆಚ್ಚುವುದರಿಂದ ಅಸಲಿಯನ್ನೇ ಹೋಲುವ ನಕಲಿ ಜಾಲತಾಣಗಳೂ ತಲೆಯೆತ್ತುತ್ತವೆ; ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ಟಿನ ಹೆಸರಿನಲ್ಲಿ ವರ್ಷವೂ ನಡೆಯುವ ವಂಚನೆ ಇದಕ್ಕೆ ಉದಾಹರಣೆ. ಮದುವೆಯ ಕಾಲದಲ್ಲಿ ವಾಟ್ಸ್‌ಆ್ಯಪಿಗೆ ಆಮಂತ್ರಣ ಪತ್ರಿಕೆಯ ವೇಷದಲ್ಲಿ ಬರುವ, ಹೆಸರಿನ ಕೊನೆಗೆ ಎಪಿಕೆ ಎಂಬ ಅಕ್ಷರಗಳಿರುವ ಕಡತ ಚಿತ್ರವಲ್ಲ, ಫೋನಿನೊಳಗೆ ಸ್ಥಾಪನೆಗೊಂಡು ಬ್ಯಾಂಕಿನ ಸಂದೇಶಗಳನ್ನು ಕದ್ದು ಓದುವ ತಂತ್ರಾಂಶ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ ಎಂಬ ಒಂದು ಸಂಗತಿ ನೆನಪಿದ್ದರೂ ಅನೇಕರು ಪಾರಾಗುತ್ತಾರೆ. ಮೋಸ ಹೋದದ್ದು ತಿಳಿದಾಗ ಬ್ಯಾಂಕು ತೆರೆಯುವ ಸೋಮವಾರದವರೆಗೆ ಕಾಯಬಾರದು. ರಜೆಯ ದಿನವೂ ಕೆಲಸಮಾಡುವ 1930 ಸಂಖ್ಯೆಗೆ ತಕ್ಷಣ ಕರೆಮಾಡಿದರೆ, ಹಣವು ಖಾತೆಯಿಂದ ಖಾತೆಗೆ ಹರಿದು ಹೋಗುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ ಗ್ರಾಹಕನ ಅಜಾಗರೂಕತೆಯಿಂದ ಆದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದು, ತಿಳಿಸಿದ ನಂತರದ್ದು ಬ್ಯಾಂಕಿನದು. ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಇಷ್ಟೆಲ್ಲ ಮಾಡಿಯೂ ಊರಿನಿಂದ ಮರಳಿದಾಗ ಬಾಗಿಲು ಮುರಿದಿದ್ದರೆ ಒಳಗೆ ಕಾಲಿಡಬಾರದು. ಕಳ್ಳನು ಇನ್ನೂ ಒಳಗಿರಬಹುದು; ಇಲ್ಲದಿದ್ದರೂ ಚೆಲ್ಲಾಪಿಲ್ಲಿಯಾದ ಬೀರುವನ್ನು ಮನೆಯವರು ಅಳುತ್ತಾ ಜೋಡಿಸತೊಡಗಿದರೆ ಬೆರಳಚ್ಚುಗಳು ಅಳಿಸಿಹೋಗುತ್ತವೆ. 112ಕ್ಕೆ ತಿಳಿಸಿ, ಶ್ವಾನದಳವೂ ಬೆರಳಚ್ಚು ತಜ್ಞರೂ ಬಂದು ಸ್ಥಳ ಮಹಜರು ಮುಗಿಯುವವರೆಗೆ ಹೊರಗೆ ನಿಲ್ಲುವುದು ಕಷ್ಟವಾದರೂ ಅಗತ್ಯ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಅದು ಶೂನ್ಯ ಎಫ್‌ಐಆರ್ ಆಗಿ ದಾಖಲಾಗಿ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ವಿದ್ಯುನ್ಮಾನ ರೂಪದಲ್ಲಿ ಕಳಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ಈಗ ಪೊಲೀಸರ ಹೊಣೆ. ಒಡವೆಗಳ ತೂಕ, ರಸೀದಿ, ಚಿತ್ರಗಳನ್ನು ಮೊದಲೇ ತೆಗೆದಿಟ್ಟವರಿಗೆ ಇಲ್ಲಿ ಅದರ ಫಲ ಸಿಗುತ್ತದೆ. ಮುದ್ದೆಮಾಲು, ಎಂದರೆ ಪತ್ತೆಯಾದ ಮಾಲು, ಹಿಂದೆ ವರ್ಷಗಟ್ಟಲೆ ಠಾಣೆಯಲ್ಲಿ ಬಿದ್ದಿರುತ್ತಿತ್ತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 497ನೆಯ ಕಲಮು ನ್ಯಾಯಾಲಯಕ್ಕೆ ಹಾಜರಾದ ಮಾಲಿನ ಪಟ್ಟಿಯನ್ನು 14 ದಿನಗಳೊಳಗೆ ತಯಾರಿಸಿ, ಚಿತ್ರ ತೆಗೆದಿಟ್ಟುಕೊಂಡು, ಅದರ ವಿಲೇವಾರಿಗೆ ಬೇಗನೆ ಆದೇಶಿಸುವ ದಾರಿ ಮಾಡಿದೆ. ಜಿಲ್ಲೆಗಳಲ್ಲಿ ಪೊಲೀಸರು ನಡೆಸುವ ‘ಪ್ರಾಪರ್ಟಿ ಪೆರೇಡ್’ನಲ್ಲಿ ಮೇಜಿನ ಮೇಲೆ ಹರವಿದ ಸರಗಳ ನಡುವೆ ತಮ್ಮ ಮಾಂಗಲ್ಯವನ್ನು ಗುರುತಿಸಿ ಪಡೆಯುವವರ ಹಿಂದೆ ಹೆಚ್ಚಾಗಿ ಒಂದು ಹಳೆಯ ರಸೀದಿಯೋ ಮದುವೆಯ ಚಿತ್ರವೋ ಇರುತ್ತದೆ.

ಒಮ್ಮೆ ಕಳವಾದ ಮನೆಗೆ ಕಳ್ಳ ಮತ್ತೆ ಬರಲಾರ ಎಂಬ ಸಮಾಧಾನವೂ ನಿಲ್ಲುವಂಥದ್ದಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕರ್ಕ್‌ಹೋಲ್ಟ್ ಎಂಬ ಬಡವರ ಬಡಾವಣೆಯಲ್ಲಿ 1980ರ ದಶಕದ ನಡುವಿನಲ್ಲಿ ನಡೆದ ಪ್ರಯೋಗವೊಂದು, ಕಳವಾದ ಮನೆಯಲ್ಲೇ ಸ್ವಲ್ಪ ಕಾಲದೊಳಗೆ ಮತ್ತೆ ಕಳವಾಗುವ ಸಂಭವ ಇತರ ಮನೆಗಳಿಗಿಂತ ಬಹಳ ಹೆಚ್ಚು ಎಂಬುದನ್ನು ಆಧಾರವಾಗಿಟ್ಟುಕೊಂಡಿತು. ಒಳಗಿನ ದಾರಿ ಕಳ್ಳನಿಗೆ ತಿಳಿದಿರುತ್ತದೆ, ಮುರಿದ ಬಾಗಿಲು ಹಾಗೆಯೇ ಇರುತ್ತದೆ. ಅಲ್ಲಿ ನಾಣ್ಯ ಹಾಕಿ ಬಳಸುವ ವಿದ್ಯುತ್ ಮೀಟರುಗಳನ್ನು ಒಡೆದು ಹಣ ಒಯ್ಯುತ್ತಿದ್ದುದರಿಂದ ಅವುಗಳನ್ನು ತೆಗೆಸಿದರು, ಬಾಗಿಲುಗಳನ್ನು ಬಲಪಡಿಸಿದರು, ಅದರ ಜೊತೆಗೆ ಕಳವಾದ ಮನೆಯ ಸುತ್ತಲಿನ ಆರೇಳು ಮನೆಗಳವರನ್ನು ಮಾತ್ರ ಕೂಡಿಸಿ ಆ ಒಂದು ಮನೆಯ ಮೇಲೆ ಕಣ್ಣಿಡುವಂತೆ ಕೇಳಿಕೊಂಡರು. ಬಡಾವಣೆಗೆಲ್ಲ ಕಾವಲು ಹಾಕುವ ಬದಲು ಒಂದು ಮನೆಯ ಸುತ್ತ ಹೆಣೆದ ಈ ಚಿಕ್ಕ ಕಾವಲಿಗೆ ಅವರು ಕೊಟ್ಟ ಹೆಸರು, ರಾಮನಗರ ಮತ್ತು ಶಿಡ್ಲಘಟ್ಟದ ಮಾರುಕಟ್ಟೆಯವರಿಗೆ ಚೆನ್ನಾಗಿ ತಿಳಿದಿರುವ ರೇಷ್ಮೆಗೂಡು. ಕರ್ಕ್‌ಹೋಲ್ಟಿನಲ್ಲಿ ಕಳವುಗಳು ಗಣನೀಯವಾಗಿ ಇಳಿದವು. ಅದಕ್ಕೆ ಬೇಕಾದುದು ಎಡ ಬಲದ ಎರಡೆರಡು ಮನೆಗಳು, ಎದುರಿನ ಒಂದೆರಡು, ಹಿತ್ತಲಿಗೆ ಹೊಂದಿದ ಒಂದು. ಹಬ್ಬಕ್ಕೆ ಹೊರಡುವ ಹಿಂದಿನ ಸಂಜೆ ಆ ಆರೇಳು ಬಾಗಿಲುಗಳನ್ನು ತಟ್ಟಿ, ಹೋಗುವ ಊರನ್ನೂ ಮರಳುವ ದಿನವನ್ನೂ ಹೇಳಿ ಬರಲು ಅರ್ಧ ಗಂಟೆ ಸಾಕು.